ಮೈಸೂರಿಗೆ ಬಂದ ನಟ್ಟುವ ಚಿನ್ನಯ್ಯ

ಅಟ್ಟೂರಿನಲ್ಲಾಗಲಿ, ಬೆಂಗಳೂರಿನ ಬೇರಾವುದೇ ಬಡಾವಣೆಯಲ್ಲಾಗಲಿ ಇಂದು ಭರತನಾಟ್ಯ ಕಲಿಯುವ ಮಗು ರಂಗಕ್ಕೇರುವಾಗ ಅನುಸರಿಸುವುದು ಅಲರಿಪ್ಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನಗಳ ಕ್ರಮವನ್ನೇ. ಇದು ಅನಾದಿಕಾಲದ್ದೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅದಕ್ಕೆ ಖಚಿತ ರೂಪ ಕೊಟ್ಟವರು ತಂಜಾವೂರಿನ ನಾಲ್ವರು ಸಹೋದರರು. ಅವರಲ್ಲಿ ಹಿರಿಯರಾದ ಚಿನ್ನಯ್ಯನವರು ಮೈಸೂರು ಅರಮನೆಯ ಆಶ್ರಯದಲ್ಲಿದ್ದವರು.

1802ರಲ್ಲಿ ಜನಿಸಿದ ಚಿನ್ನಯ್ಯನವರದು ನಟ್ಟುವರ ಮನೆತನ. ನರ್ತಕಿಯರಿಗೆ ಪಾಠ ಹೇಳುವುದು, ಕೈಯಲ್ಲಿ ತಾಳ ಹಿಡಿದು ನೃತ್ಯವನ್ನು ನಡೆಸಿಕೊಡುವುದು ಅಜ್ಜ ಗಂಗೈಮುತ್ತು, ತಂದೆ ಸುಬ್ಬರಾಯರಿಂದ ಬಂದ ವೃತ್ತಿ. ಚಿನ್ನಯ್ಯ ಮತ್ತು ತಮ್ಮಂದಿರಾದ ಪೊನ್ನಯ್ಯ, ಶಿವಾನಂದಂ, ವಡಿವೇಲು ಸಂಗೀತ ಕಲಿತದ್ದು ಮುತ್ತುಸ್ವಾಮಿ ದೀಕ್ಷಿತರಲ್ಲಿ. ಆಶ್ರಯ ಪಡೆದದ್ದು ಎರಡನೆಯ ಸರಫೋಜಿಯ ಆಸ್ಥಾನದಲ್ಲಿ. (ಆ ರಾಜವಂಶದ ಮೂಲಪುರುಷ ಏಕೋಜಿ ತಂಜಾವೂರಿಗೆ ಹೋದದ್ದು ನಮ್ಮ ಬೆಂಗಳೂರಿನಿಂದಲೇ.) ಮುಂದೆ ವಡಿವೇಲು ತಿರುವಾಂಕೂರಿನ ಸ್ವಾತಿ ತಿರುನಾಳರ ಬಳಿಗೂ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಬಳಿಗೂ ತೆರಳಿದರು.

ಮುಮ್ಮಡಿಯವರ ಸ್ಥಿತಿ ವಿಚಿತ್ರವಾದದ್ದು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅವರಿಗೆ ಉಳಿದದ್ದು ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ರಾಜ್ಯದ ನಿವ್ವಳ ಕಂದಾಯದ ಐದನೆಯ ಒಂದು ಭಾಗ. ದುಂದುವೆಚ್ಚ, ಸಾಲ ಎಂಬ ದೂರುಗಳೂ ಅವರ ಮೇಲಿದ್ದವು. ಬಜೆಟ್ ಕಡತಗಳೊಡನೆ ಆಯುಷ್ಯ ಸವೆಸಿದ ನನ್ನಂಥವರಿಗೆ ಆ ದೂರು ಅರ್ಥವಾಗದೆ ಇಲ್ಲ. ಆದರೂ ವಿದ್ವಾಂಸರಿಗೂ ಕಲಾವಿದರಿಗೂ ಅವರು ಮಾಡಿದ ವೆಚ್ಚವನ್ನು ಸಾಲದ ಬಾಬಿಗೆ ಸೇರಿಸಿಬಿಡುವುದು ನ್ಯಾಯವಲ್ಲ. ಚಿನ್ನಯ್ಯನವರು ದೊರೆಯನ್ನು ಕೊಂಡಾಡಿ ವರ್ಣ, ತಿಲ್ಲಾನಗಳನ್ನು ರಚಿಸಿದರು. ತಂಜಾವೂರಿನ ಶಿಕ್ಷಣಕ್ರಮ ಮೈಸೂರಿನಲ್ಲಿ ನೆಲೆಗೊಂಡಿತು.

1856ರಲ್ಲಿ ಚಿನ್ನಯ್ಯನವರು ತೀರಿಕೊಂಡರು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಸುಧಾರಣೆ ಅಗತ್ಯವಾಗಿತ್ತು, ನಿಜ. ಆದರೆ ಆ ಹೆಣ್ಣುಮಕ್ಕಳ ಜೀವನೋಪಾಯಕ್ಕೆ ಬದಲಿ ವ್ಯವಸ್ಥೆ ಕಲ್ಪಿಸುವ ಹೊಣೆಯನ್ನು ಸುಧಾರಕರು ಅಷ್ಟೇ ಉತ್ಸಾಹದಿಂದ ಹೊರಲಿಲ್ಲ. ನೃತ್ಯ ಮೇಲ್ಜಾತಿಯ ಮನೆಗಳಿಗೆ ಬಂದು ಗೌರವಸ್ಥವಾಯಿತು. ಅದನ್ನು ಶತಮಾನಗಳ ಕಾಲ ಕಾಪಾಡಿದ ನರ್ತಕಿಯರು ಮಾತ್ರ ಅದರಿಂದ ಹೊರಗುಳಿದರು.

ಪಾಠ ಹೇಳುವ ಸರದಿ ಇನ್ನೂ ಕೆಲಕಾಲ ಆ ಕುಟುಂಬದಲ್ಲೇ ಉಳಿಯಿತು. ಸಹೋದರರ ವಂಶಸ್ಥರಾದ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಬೆಂಗಳೂರಿನ ರಾಮ್ ಗೋಪಾಲ್, ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ ಕಲಿತರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗದ ಮುಖ್ಯಸ್ಥರಾದವರು ಇದೇ ಕೃಷ್ಣರಾವ್.