ಬೇಡನ್ ಪೊವೆಲ್: ಹುಡುಗರನ್ನು ನಂಬಿದ ಶಿಕ್ಷಕ



ಪ್ರತಿ ವರ್ಷ ಫೆಬ್ರವರಿ 22ರಂದು ಶಾಲೆಗಳಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಚಿಂತನಾ ದಿನ ಆಚರಿಸುವುದನ್ನು ನೀವು ನೋಡಿರಬಹುದು. ನಿಮ್ಮಲ್ಲಿ ಕೆಲವರು ಆ ಸಮವಸ್ತ್ರ ಧರಿಸಿದವರೂ ಇರಬಹುದು. ಅದು ಆ ಚಳವಳಿಯ ಸ್ಥಾಪಕ ರಾಬರ್ಟ್ ಬೇಡನ್ ಪೊವೆಲ್ ಅವರ ಜನ್ಮದಿನ. ಅವರ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಒಂದು ಶಿಕ್ಷಣ ಕ್ರಮವನ್ನು ಅವರು ಹೇಗೆ ರೂಪಿಸಿದರು, ಅದನ್ನು ಹೇಗೆ ಮತ್ತೆ ಮತ್ತೆ ತಿದ್ದಿದರು ಎಂಬುದನ್ನು ತಿಳಿದವರು ಕಡಿಮೆ. ಶಿಕ್ಷಣವನ್ನೇ ಉಸಿರಾಗಿಸಿಕೊಂಡ ಸಂಘದ ಸದಸ್ಯರಾದ ನಮಗೆ ಅದರಲ್ಲಿ ಕಲಿಯುವುದು ಬಹಳಷ್ಟಿದೆ.

ಅವರು ಹುಟ್ಟಿದ್ದು 1857ರಲ್ಲಿ, ಲಂಡನ್ನಿನಲ್ಲಿ. ತಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರು. ಮಗನಿಗೆ ಮೂರು ವರ್ಷವಾದಾಗ ತಂದೆ ತೀರಿಕೊಂಡರು. ದೊಡ್ಡ ಸಂಸಾರದ ಹೊಣೆಯನ್ನು ತಾಯಿ ಹೆನ್ರಿಯೆಟ್ಟಾ ಗ್ರೇಸ್ ಒಬ್ಬರೇ ಹೊತ್ತರು. ಚಾರ್ಟರ್‌ಹೌಸ್ ಶಾಲೆಯಲ್ಲಿ ವಿದ್ಯಾರ್ಥಿವೇತನ ಪಡೆದು ಓದಿದ ರಾಬರ್ಟ್ ಪಾಠದಲ್ಲಿ ಅಂಥ ಜಾಣನೇನಲ್ಲ. ಶಾಲೆಯ ಪಕ್ಕದ ಕುರುಚಲು ಕಾಡೇ ಅವನ ಎರಡನೆಯ ತರಗತಿಯಾಗಿತ್ತು. ಅಧ್ಯಾಪಕರ ಕಣ್ಣಿಗೆ ಬೀಳದಂತೆ ಅಲ್ಲಿ ಅಡಗುವುದು, ಮೊಲ ಹಿಡಿಯುವುದು, ಹೊಗೆ ಕಾಣಿಸದಂತೆ ಬೆಂಕಿ ಮಾಡಿ ಅಡುಗೆ ಮಾಡುವುದು ಇವೆಲ್ಲ ಅವನಿಗೆ ಕರಗತವಾದವು. ಆಕ್ಸ್‌ಫರ್ಡ್ ಪ್ರವೇಶ ಸಿಗಲಿಲ್ಲ. ಆದರೆ ಸೇನಾ ಪರೀಕ್ಷೆಯಲ್ಲಿ ಉತ್ತಮ ಸ್ಥಾನ ಪಡೆದು 1876ರಲ್ಲಿ ನಮ್ಮ ದೇಶಕ್ಕೇ ಬಂದು, ಲಕ್ನೋದಲ್ಲಿದ್ದ 13ನೇ ಹುಸಾರ್ಸ್ ಅಶ್ವದಳವನ್ನು ಸೇರಿದರು.

ಯುವ ಸೈನಿಕರಿಗೆ ಸುಳಿವು ಹಿಡಿಯುವ ವಿದ್ಯೆಯನ್ನು ಕಲಿಸಲು ಅವರು ಬರೆದ ಸಣ್ಣ ಕೈಪಿಡಿಯೊಂದು 1899ರಲ್ಲಿ ಪ್ರಕಟವಾಯಿತು. ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ಆರಂಭವಾಗಿ, ಮೆಫೆಕಿಂಗ್ ಪಟ್ಟಣ 217 ದಿನಗಳ ಮುತ್ತಿಗೆಗೆ ಒಳಗಾಯಿತು. ಅಲ್ಲಿ ಹುಡುಗರ ಒಂದು ದಳ ಸಂದೇಶ ಒಯ್ಯುವ ಕೆಲಸವನ್ನು ಧೈರ್ಯದಿಂದ ಮಾಡಿತು. ಹೊಣೆ ಕೊಟ್ಟರೆ ಮಕ್ಕಳು ಅದನ್ನು ಹೊರಬಲ್ಲರು ಎಂಬುದನ್ನು ಬೇಡನ್ ಪೊವೆಲ್ ಕಣ್ಣಾರೆ ಕಂಡರು. ಮುತ್ತಿಗೆ ಮುಗಿದಾಗ ಅವರು ಬ್ರಿಟನ್ನಿನ ವೀರನಾದರು. ಆದರೆ ಆ ದಿನಗಳಲ್ಲಿ ಕರಿಯ ನಿವಾಸಿಗಳು ಹಸಿವಿನಿಂದ ಹೆಚ್ಚು ನರಳಿದರೆಂದು ಇತಿಹಾಸಕಾರರು ಟೀಕಿಸಿದ್ದಾರೆ. ಅದನ್ನೂ ನಾವು ಮರೆಯಬಾರದು.

1903ರಲ್ಲಿ ತಾಯ್ನಾಡಿಗೆ ಮರಳಿದ ಅವರಿಗೆ ಒಂದು ಆಶ್ಚರ್ಯ ಕಾದಿತ್ತು. ಸೈನಿಕರಿಗಾಗಿ ಬರೆದ ಆ ಕೈಪಿಡಿಯನ್ನು ಶಾಲೆಗಳ ಅಧ್ಯಾಪಕರು ಮಕ್ಕಳಿಗೆ ಪಾಠ ಮಾಡಲು ಬಳಸುತ್ತಿದ್ದರು! ಬಾಯ್ಸ್ ಬ್ರಿಗೇಡ್ ಸಂಸ್ಥಾಪಕ ವಿಲಿಯಂ ಸ್ಮಿತ್ ಅದನ್ನು ಹುಡುಗರಿಗಾಗಿಯೇ ತಿದ್ದಿ ಬರೆಯಲು ಸೂಚಿಸಿದರು. ಬೇಡನ್ ಪೊವೆಲ್ ಆತುರಪಡಲಿಲ್ಲ. ಇತರರ ಪ್ರಯೋಗಗಳನ್ನು ಓದಿದರು, ಅಮೆರಿಕದಲ್ಲಿ ಹುಡುಗರ ಅರಣ್ಯ ಶಿಬಿರ ನಡೆಸುತ್ತಿದ್ದ ಅರ್ನೆಸ್ಟ್ ಥಾಮ್ಸನ್ ಸೀಟನ್ ಅವರೊಡನೆ ಚರ್ಚಿಸಿದರು. ಬಳಿಕ ತಮ್ಮ ಯೋಜನೆಯನ್ನು ಮೊದಲು ಪರೀಕ್ಷೆಗೆ ಒಡ್ಡಿದರು.

ಆ ಪರೀಕ್ಷೆ ನಡೆದದ್ದು 1907ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ. ಸುಮಾರು 20 ಹುಡುಗರು ಮಾತ್ರ. ಅರ್ಧದಷ್ಟು ಮಂದಿ ಸಿರಿವಂತರ ಶಾಲೆಗಳಿಂದ ಬಂದವರು, ಉಳಿದವರು ಶ್ರಮಿಕರ ಮಕ್ಕಳು. ಮೊದಲಿನವರಿಗೆ ಶುಲ್ಕ 1 ಪೌಂಡ್, ಎರಡನೆಯವರಿಗೆ ಕೇವಲ ಮೂರೂವರೆ ಶಿಲ್ಲಿಂಗ್. ಬಡವ-ಬಲ್ಲಿದರ ಮಕ್ಕಳು ಒಂದೇ ಡೇರೆಯಲ್ಲಿ ಮಲಗುವುದು ಆ ಕಾಲದ ಇಂಗ್ಲೆಂಡಿನಲ್ಲಿ ಸಣ್ಣ ಸಂಗತಿಯಲ್ಲ. ಹುಡುಗರನ್ನು ನಾಲ್ಕು ದಳಗಳಾಗಿ ಮಾಡಿ, ಪ್ರತಿ ದಳಕ್ಕೂ ಅವರಲ್ಲೇ ಒಬ್ಬನನ್ನು ನಾಯಕನಾಗಿ ನೇಮಿಸಲಾಯಿತು. ದಳದ ಹೊಣೆ ಪೂರ್ತಿ ಅವನದೇ. ಒಂದೊಂದು ದಿನ ಒಂದೊಂದು ವಿಷಯ: ಶಿಬಿರದ ಕೆಲಸ, ಸೂಕ್ಷ್ಮ ವೀಕ್ಷಣೆ, ಕಾಡಿನ ವಿದ್ಯೆ, ಜೀವರಕ್ಷಣೆ. ಮೊದಲು ಚಿಕ್ಕ ವಿವರಣೆ, ನಂತರ ಅದರ ಆಟ, ರಾತ್ರಿ ಬೆಂಕಿಯ ಸುತ್ತ ಕಥೆ.

ಮೂವರು ಜೊತೆಯಾಗಿ ಪ್ರಯಾಣ ಹೊರಟರೂ ಒಬ್ಬರನ್ನು ನಾಯಕನಾಗಿ ಆರಿಸಿಕೊಳ್ಳಬೇಕೆಂಬ ಪ್ರವಾದಿವರ್ಯರ (ಸ) ಬೋಧನೆ ನಮಗೆ ಹೊಸತಲ್ಲ. ಜವಾಬ್ದಾರಿ ಒಂದು ಅಮಾನತ್ತು. ಅದನ್ನು ಕಿರಿಯರ ಕೈಗೂ ಒಪ್ಪಿಸಿದಾಗ ಅವರು ಬೆಳೆಯುತ್ತಾರೆ ಎಂಬುದನ್ನು ಈ ದ್ವೀಪದ ಶಿಬಿರವೂ ತೋರಿಸಿಕೊಟ್ಟಿತು.

ಪ್ರಯೋಗ ಗೆದ್ದ ಮೇಲೆಯೇ ಪುಸ್ತಕ ಬಂತು. 1908ರ ಜನವರಿಯಿಂದ ಹದಿನೈದು ದಿನಕ್ಕೊಂದರಂತೆ ಆರು ಭಾಗಗಳಲ್ಲಿ, ಹುಡುಗರ ಕೈಗೆಟುಕುವ ನಾಲ್ಕು ಪೆನ್ನಿ ಬೆಲೆಗೆ 'ಸ್ಕೌಟಿಂಗ್ ಫಾರ್ ಬಾಯ್ಸ್' ಪ್ರಕಟವಾಯಿತು. ಯಾರ ಅಪ್ಪಣೆಗೂ ಕಾಯದೆ ಊರೂರಲ್ಲಿ ಹುಡುಗರು ತಾವೇ ದಳ ಕಟ್ಟಿಕೊಂಡರು.

ಮಿತ್ರರೇ, ಇಲ್ಲಿಗೆ ಕೆಲಸ ಮುಗಿಯಿತೆಂದು ಅವರು ಕೈಕಟ್ಟಿ ಕೂರಲಿಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಸಮಾವೇಶಕ್ಕೆ ಕೆಲವು ಹುಡುಗಿಯರು ಕರೆಯದೆಯೇ ಬಂದು, ತಾವೂ ಸ್ಕೌಟ್‌ಗಳೆಂದರು. ಮರುವರ್ಷವೇ ತಂಗಿ ಆಗ್ನೆಸ್ ಅವರ ನೇತೃತ್ವದಲ್ಲಿ ಗೈಡ್ಸ್ ಆರಂಭವಾಯಿತು. ಚಿಕ್ಕ ತಮ್ಮಂದಿರು ಅಣ್ಣಂದಿರ ಹಿಂದೆ ಓಡಿಬಂದಾಗ, ದೊಡ್ಡವರ ಪಾಠವನ್ನೇ ಅವರ ಮೇಲೆ ಹೇರಲಿಲ್ಲ. 1916ರಲ್ಲಿ ಅವರ ವಯಸ್ಸಿಗೆ ತಕ್ಕ ಕಬ್ ಕ್ರಮ ಬಂತು. ಬೆಳೆದ ಯುವಕರಿಗೆ 1918ರಲ್ಲಿ ರೋವರ್ ವಿಭಾಗ ಬಂತು. ಒಳ್ಳೆಯ ಪಠ್ಯವಿದ್ದರೂ ಕಲಿಸುವವರು ತಯಾರಿಲ್ಲದಿದ್ದರೆ ಫಲವಿಲ್ಲವೆಂದು ಅರಿತು, 1919ರಲ್ಲಿ ಗಿಲ್ವೆಲ್ ಪಾರ್ಕ್‌ನಲ್ಲಿ ನಾಯಕರ ತರಬೇತಿ ಆರಂಭಿಸಿದರು. ಅಲ್ಲಿ ವಯಸ್ಕರೂ ಹುಡುಗರಂತೆ ದಳಗಳಾಗಿ ಡೇರೆಯಲ್ಲಿದ್ದು ಕಲಿಯಬೇಕಿತ್ತು. ಪದವಿಪತ್ರದ ಬದಲು ಅವರಿಗೆ ದೊರೆಯುತ್ತಿದ್ದದ್ದು ಮರದ ಮಣಿಗಳು.

ಇಷ್ಟು ಉದಾರವಾದ ಚಳವಳಿ ಭಾರತದಲ್ಲಿ ಎಡವಿತು. 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ದಳ ಆರಂಭವಾದರೂ, ಆ ಕಾಲದಲ್ಲಿ ಸ್ಕೌಟ್ ಬಾಗಿಲು ತೆರೆದದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನೆಲದ ಮಕ್ಕಳು ಹೊರಗೆ! ಆಗ ಮದರಾಸಿನಲ್ಲಿ ಆನಿ ಬೆಸೆಂಟ್, ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ ಮತ್ತು ಸಂಗಡಿಗರು ಭಾರತೀಯ ಮಕ್ಕಳಿಗಾಗಿ ಬೇರೆ ಸಂಘಗಳನ್ನು ಕಟ್ಟಿದರು. 1921ರಲ್ಲಿ ಬೇಡನ್ ಪೊವೆಲ್ ಇಲ್ಲಿಗೆ ಬಂದಾಗ ಬೆಸೆಂಟರ ಸಂಘ ಮುಖ್ಯ ಸಂಸ್ಥೆಯೊಡನೆ ವಿಲೀನವಾಯಿತು. ಆದರೆ 1937ರಲ್ಲಿ ಭಾರತೀಯರ ಶೀಲವನ್ನು ಕೀಳಾಗಿ ಕಾಣುವ ಅವರ ಅಭಿಪ್ರಾಯಗಳು ಹೊರಬಂದು ದೇಶವೇ ನೊಂದಿತು. ಅನೇಕರು ಹೊರನಡೆದು 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಸಂಘ ಸ್ಥಾಪಿಸಿದರು. ಎಲ್ಲ ಸ್ಕೌಟ್‌ಗಳೂ ಸಹೋದರರೆಂದು ಕಲಿಸಿದವರೇ ಆ ಪಾಠವನ್ನು ಪೂರ್ತಿ ಪಾಲಿಸಲಾರದೆ ಹೋದರು.

1941ರ ಜನವರಿ 8ರಂದು ಕೀನ್ಯಾದ ನ್ಯೇರಿಯಲ್ಲಿ ಅವರು ಕೊನೆಯುಸಿರೆಳೆದರು. ಅವರು ಬಿಟ್ಟುಹೋದ ಕೊರತೆಯನ್ನು ನಮ್ಮವರೇ ತುಂಬಿದರು. ಸ್ವಾತಂತ್ರ್ಯಾನಂತರ ಪಂಡಿತ್ ನೆಹರೂ, ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಝಾದ್ ಹಾಗೂ ಹೃದಯನಾಥ ಕುಂಜ್ರು ಮೊದಲಾದವರ ಪ್ರಯತ್ನದಿಂದ ಚದುರಿದ ಸಂಘಗಳು ಒಂದಾಗಿ, 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಜನ್ಮತಾಳಿತು. ಅಲ್ಲಿ ದೇವರ ಬಗೆಗಿನ ಕರ್ತವ್ಯದ ಪ್ರತಿಜ್ಞೆಯನ್ನು ಪ್ರತಿಯೊಬ್ಬ ಮಗುವೂ ತನ್ನ ಧರ್ಮಕ್ಕನುಸಾರ ಸ್ವೀಕರಿಸುತ್ತದೆ.

ಸಂಘದ ಹಿರಿಯರೇ, ನಾವೂ ರಜಾ ಶಿಬಿರ, ಮಾರ್ಗದರ್ಶನ ಶಿಬಿರಗಳನ್ನು ನಡೆಸುತ್ತೇವೆ. ಅವುಗಳ ಕಾರ್ಯಕ್ರಮವನ್ನು ನಾವು ಕೊನೆಯ ಬಾರಿ ತಿದ್ದಿದ್ದು ಯಾವಾಗ? ಕರೆಯದೆ ಬಾಗಿಲಲ್ಲಿ ನಿಂತ ಮಕ್ಕಳು ಯಾರಾದರೂ ಇದ್ದಾರೆಯೇ? ವೇದಿಕೆಯ ಮೇಲೆ ನಾವೇ ಮಾತನಾಡಿ, ಮಕ್ಕಳನ್ನು ಕೇಳುಗರನ್ನಾಗಿ ಮಾತ್ರ ಕೂರಿಸುತ್ತಿದ್ದೇವೆಯೇ?

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಈ ಬಾರಿ ಶಿಬಿರದಲ್ಲಿ ಒಂದು ದಳದ ಹೊಣೆ ನಿಮ್ಮ ಹೆಗಲೇರಿದರೆ ಹಿಂಜರಿಯಬೇಡಿ. ಬ್ರೌನ್‌ಸೀ ದ್ವೀಪದ ನಾಲ್ವರು ದಳನಾಯಕರೂ ನಿಮ್ಮ ಹಾಗೆಯೇ ಶಾಲೆಗೆ ಹೋಗುವ ವಯಸ್ಸಿನ ಹುಡುಗರಾಗಿದ್ದರು. ಅಲ್ಲಾಹನು ನಮ್ಮೆಲ್ಲರಿಗೂ ಅಮಾನತ್ತನ್ನು ಸರಿಯಾಗಿ ನಿಭಾಯಿಸುವ ತೌಫೀಕ್ ನೀಡಲಿ. ಆಮೀನ್.