ಎಡ್ವಿನ್ ಎಸ್. ಪೋರ್ಟರ್: ಎರಡು ಬಾರಿ ನಡೆದ ಒಂದು ರಕ್ಷಣೆ

ಚಲನಚಿತ್ರ ಸಂಕಲನದ ಚರಿತ್ರೆಯಲ್ಲಿ ಎಡ್ವಿನ್ ಎಸ್. ಪೋರ್ಟರ್‌ನ ಕೀರ್ತಿ ಬಹುಕಾಲ ನಿಂತಿದ್ದುದು ಆತ ಮಾಡದ ಕೆಲಸವೊಂದರ ಮೇಲೆ. 1870ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಾನೆಲ್ಸ್‌ವಿಲ್‌ನಲ್ಲಿ ಜನಿಸಿದ ಈತ ನೌಕಾಪಡೆಯಲ್ಲಿ ವಿದ್ಯುತ್ ಕೆಲಸಗಾರನಾಗಿದ್ದು, 1896ರಲ್ಲಿ ಚಿತ್ರಪ್ರದರ್ಶನದ ವೃತ್ತಿಗೆ ಬಂದನು. ಮುಂದೆ ನ್ಯೂಯಾರ್ಕಿನ ಈಡನ್ ಮ್ಯೂಸೀ ಎಂಬ ಪ್ರದರ್ಶನಾಲಯದಲ್ಲಿ ಪ್ರೊಜೆಕ್ಟರ್ ನಡೆಸಿದನು. ಬಿಡಿಬಿಡಿಯಾಗಿ ಕೊಂಡ ಕಿರುಚಿತ್ರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದನ್ನು ಆಗ ನಿರ್ಧರಿಸುತ್ತಿದ್ದವನು ಪ್ರದರ್ಶಕನೇ ಹೊರತು ನಿರ್ಮಾಪಕನಲ್ಲ. ಪೋರ್ಟರ್‌ನ ನಿಜವಾದ ಪಾಠಶಾಲೆ ಇದೇ ಎನ್ನಬೇಕು.

ಅನಂತರ ಎಡಿಸನ್ ಕಂಪನಿಯನ್ನು ಸೇರಿದ ಆತನು 1903ರಲ್ಲಿ ‘ಲೈಫ್ ಆಫ್ ಆನ್ ಅಮೆರಿಕನ್ ಫೈರ್‌ಮನ್’ ಚಿತ್ರವನ್ನು ತಯಾರಿಸಿದನು. ಉರಿಯುವ ಮನೆಯಿಂದ ತಾಯಿ ಮತ್ತು ಮಗುವನ್ನು ಅಗ್ನಿಶಾಮಕನು ಪಾರುಮಾಡುವುದು ಇದರ ಕೊನೆಯ ಭಾಗ. 1944ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯಕ್ಕೆ ದೊರೆತ ಪ್ರತಿಯಲ್ಲಿ ಮನೆಯ ಒಳಗಿನ ಮತ್ತು ಹೊರಗಿನ ದೃಶ್ಯತುಣುಕುಗಳು ಒಂದರ ಬೆನ್ನಿಗೆ ಒಂದರಂತೆ ಬರುತ್ತವೆ. ಕಾಲ ಎಲ್ಲಿಯೂ ಮುರಿಯುವುದಿಲ್ಲ. ನಿರಂತರತೆಯ ಸಂಕಲನಕ್ಕೆ ಪೋರ್ಟರ್‌ನೇ ಜನಕನೆಂಬ ಮಾತಿಗೆ ಈ ಪ್ರತಿ ಬಲ ನೀಡಿತು. ಆದರೆ ಹಕ್ಕುಸ್ವಾಮ್ಯಕ್ಕಾಗಿ 1903ರಲ್ಲಿಯೇ ಸಲ್ಲಿಸಿದ ಕಾಗದದ ಪ್ರತಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಳಿದಿತ್ತು. ಅದರಲ್ಲಿ ಇಡೀ ರಕ್ಷಣೆಯು ಮೊದಲು ಒಳಗಿನಿಂದ ಸಂಪೂರ್ಣವಾಗಿ ನಡೆಯುತ್ತದೆ. ಬಳಿಕ ಅದೇ ಘಟನೆ ಹೊರಗಿನಿಂದ ಮೊದಲಿನಿಂದ ಮತ್ತೆ ನಡೆಯುತ್ತದೆ. ಪರ್ಯಾಯ ಜೋಡಣೆ ಅನಂತರದ ಯಾರದೋ ಕೈಕೆಲಸ.

ಇದನ್ನು ಪೋರ್ಟರ್‌ನ ಅಜ್ಞಾನವೆನ್ನುವುದು ಸರಿಯಲ್ಲ. ಒಂದೊಂದು ದೃಶ್ಯವೂ ತನ್ನಲ್ಲಿ ಪೂರ್ಣವಾಗಿರಬೇಕೆಂಬುದು ಆ ಪ್ರದರ್ಶನ ಪರಂಪರೆಯ ನಿಯಮವಾಗಿತ್ತು. ಅದೇ ವರ್ಷದ ‘ದಿ ಗ್ರೇಟ್ ಟ್ರೇನ್ ರಾಬರಿ’ಯಲ್ಲಿ ಕಳ್ಳರು ಪರಾರಿಯಾದ ಮೇಲೆ ಕಥೆ ಕಟ್ಟಿಹಾಕಲ್ಪಟ್ಟ ತಂತಿ ಗುಮಾಸ್ತನ ಕೋಣೆಗೆ ಹಿಂದಿರುಗುತ್ತದೆ, ಇಲ್ಲಿ ಮುಂದಿನ ದಾರಿಯ ಸುಳಿವಿದೆ. ಆದರೂ ಪ್ರೇಕ್ಷಕರತ್ತ ಗುಂಡು ಹಾರಿಸುವ ಕಳ್ಳನ ತುಣುಕನ್ನು ಮೊದಲಿಗೋ ಕೊನೆಗೋ ಇರಿಸುವ ಸ್ವಾತಂತ್ರ್ಯ ಪ್ರದರ್ಶಕನಿಗೇ ಉಳಿದಿತ್ತು.

1908ರ ‘ರೆಸ್ಕ್ಯೂಡ್ ಫ್ರಮ್ ಆನ್ ಈಗಲ್ಸ್ ನೆಸ್ಟ್’ ಚಿತ್ರದಲ್ಲಿ ಆತನ ಕೈಕೆಳಗೆ ನಟಿಸಿದವನು ಡಿ. ಡಬ್ಲ್ಯು. ಗ್ರಿಫಿತ್. ಪರ್ಯಾಯ ಸಂಕಲನವನ್ನು ಪಳಗಿಸಿದವನು ಈ ನಟನೇ. ಪೋರ್ಟರ್ 1909ರಲ್ಲಿ ಎಡಿಸನ್ ಕಂಪನಿಯನ್ನು ತೊರೆದನು. ಅಡಾಲ್ಫ್ ಜೂಕರ್‌ನ ಸಂಸ್ಥೆಯಲ್ಲಿ ಕೆಲವು ಕಾಲ ದುಡಿದು, 1915ರಲ್ಲಿ ನಿರ್ದೇಶನವನ್ನೇ ಬಿಟ್ಟು, ಸಿಂಪ್ಲೆಕ್ಸ್ ಪ್ರೊಜೆಕ್ಟರ್ ತಯಾರಿಕೆಯಲ್ಲಿ ತೊಡಗಿದನು. 1929ರ ಷೇರುಪೇಟೆಯ ಕುಸಿತದಲ್ಲಿ ಸಂಪತ್ತು ಕರಗಿತು. 1941ರ ಏಪ್ರಿಲ್ 30ರಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಆತನು ತೀರಿಕೊಂಡನು.