ಹೊಗೆಯ ಲೆಕ್ಕವಿಟ್ಟ ಗೈ ಸ್ಟೂವರ್ಟ್ ಕ್ಯಾಲೆಂಡರ್

ಪೆಟ್ರೋಲ್ ಬಂಕಿನಲ್ಲಿ ವಾಹನಕ್ಕೆ ಇಂಧನ ತುಂಬಿಸಿಕೊಳ್ಳುವ ನಮಗೆಲ್ಲ ಲೀಟರಿನ ಬೆಲೆ ಬಾಯಿಪಾಠವಾಗಿರುತ್ತದೆ. ಅದರ ಹೊಗೆಯ ತೂಕವನ್ನು ಕೇಳಿದವರು ವಿರಳ. ಸುಮಾರು ಮುಕ್ಕಾಲು ಕಿಲೋ ತೂಗುವ ಒಂದು ಲೀಟರ್ ಪೆಟ್ರೋಲ್ ಉರಿದಾಗ 2.3 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇಂಧನದಲ್ಲಿರುವ ಇಂಗಾಲದ 12 ಪಾಲಿಗೆ ಗಾಳಿಯ ಆಮ್ಲಜನಕದ 32 ಪಾಲು ಕೂಡಿ 44 ಪಾಲಾಗುವುದೇ ಇದರ ಮರ್ಮ. ಆದ್ದರಿಂದ ಒಂದು ದೇಶದ ವಾಹನಗಳು ಉಗುಳಿದ ಇಂಗಾಲವನ್ನು ಅಂದಾಜಿಸಲು ಒಂದೊಂದು ಹೊಗೆಕೊಳವೆಗೂ ಉಪಕರಣ ಕಟ್ಟಬೇಕಿಲ್ಲ. ಮಾರಾಟವಾದ ಇಂಧನದ ಲೆಕ್ಕಪುಸ್ತಕವೇ ಸಾಕು. ಜಗತ್ತು ಸುಟ್ಟ ಇಂಧನದ ಇಂಥ ಲೆಕ್ಕವನ್ನು ಭೂಮಿಯ ತಾಪಮಾನದೊಡನೆ ಜೋಡಿಸಿ ತೋರಿಸಿದವರು ಗೈ ಸ್ಟೂವರ್ಟ್ ಕ್ಯಾಲೆಂಡರ್. ನಮ್ಮ ಗೋಡೆಯ ಮೇಲೆ ತೂಗುವ ಕ್ಯಾಲೆಂಡರಿಗೂ ಈ ಮನೆತನದ ಹೆಸರಿಗೂ ಸಂಬಂಧವಿಲ್ಲವೆಂದು ಮೊದಲೇ ಹೇಳಿಬಿಡುವುದು ಒಳಿತು.

ಕ್ಯಾಲೆಂಡರ್ ಅವರು 1898ರ ಫೆಬ್ರವರಿ 9ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಜನಿಸಿದರು. ತಂದೆ ಹ್ಯೂ ಕ್ಯಾಲೆಂಡರ್ ಅವರು ಪ್ಲಾಟಿನಂ ತಂತಿಯ ತಾಪಮಾಪಕಕ್ಕೆ ಹೆಸರಾದ ಭೌತವಿಜ್ಞಾನಿ. ಹೀಗೆ ಅಳತೆಯ ನಿಖರತೆ ಮಗನಿಗೆ ಮನೆಯಲ್ಲಿಯೇ ದೊರೆತ ಸಂಸ್ಕಾರ. ಕುಟುಂಬ ಲಂಡನ್ನಿಗೆ ಬಂದು ನೆಲೆಸಿತು. ಬಾಲ್ಯದಲ್ಲಿಯೇ ಎಡಗಣ್ಣಿನ ದೃಷ್ಟಿ ಹೋದುದರಿಂದ ಮೊದಲ ಮಹಾಯುದ್ಧದಲ್ಲಿ ಅವರು ಸೈನಿಕರಾಗಲಿಲ್ಲ. ಮುಂದೆ ತಂದೆಯ ಪ್ರಯೋಗಾಲಯದಲ್ಲಿ ಅಧಿಕ ಒತ್ತಡದ ನೀರಾವಿಯ ಗುಣಗಳನ್ನು ಅಳೆಯುವುದೇ ಅವರ ವೃತ್ತಿಯಾಯಿತು. ಹವಾಮಾನ ಶಾಸ್ತ್ರ ಬಿಡುವಿನ ವೇಳೆಯ ಹವ್ಯಾಸವಷ್ಟೆ.

ಆ ಹವ್ಯಾಸದ ಫಲವನ್ನು ಅವರು 1938ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಮೀಟಿಯರಾಲಜಿಕಲ್ ಸೊಸೈಟಿಯ ಮುಂದಿಟ್ಟರು. ಅಲ್ಲಿಗೆ ಹಿಂದಿನ ಐವತ್ತು ವರ್ಷಗಳಲ್ಲಿ ಇಂಧನ ದಹನದಿಂದ ಸುಮಾರು 1,50,000 ದಶಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ವಾಯುಮಂಡಲ ಸೇರಿದೆ, ಅದರ ಮುಕ್ಕಾಲು ಪಾಲು ಅಲ್ಲಿಯೇ ಉಳಿದಿದೆ ಎಂಬುದು ಅವರ ಎಣಿಕೆ. ಇದರಿಂದ ವರ್ಷಕ್ಕೆ 0.003 ಡಿಗ್ರಿ ಸೆಲ್ಸಿಯಸ್‌ನಂತೆ ತಾಪ ಏರಬೇಕಿತ್ತು. ಜಗತ್ತಿನ ನೂರಕ್ಕೂ ಹೆಚ್ಚು ಹವಾ ಕೇಂದ್ರಗಳ ದಾಖಲೆಗಳನ್ನು ಕೈಯಿಂದಲೇ ಕೂಡಿಸಿ ಭಾಗಿಸಿ ಅವರು ಕಂಡುಕೊಂಡ ಏರಿಕೆ 0.005 ಡಿಗ್ರಿ. ಗಣಕಯಂತ್ರವಿಲ್ಲದ ಕಾಲದಲ್ಲಿ ಒಬ್ಬ ವ್ಯಕ್ತಿ ಮಾಡಿದ ಕೆಲಸವಿದೆಂಬುದನ್ನು ನೆನೆದರೆ ಬೆರಗಾಗುತ್ತದೆ. ಆದರೆ ಸಭೆಯಲ್ಲಿದ್ದ ಪಂಡಿತರು ಸಂಶಯವನ್ನೇ ವ್ಯಕ್ತಪಡಿಸಿದರು. ಹೊರಗಿನಿಂದ ಬಂದ ಇಂಜಿನಿಯರನ ಮಾತು ಅವರಿಗೆ ಸುಲಭವಾಗಿ ರುಚಿಸಲಿಲ್ಲ.

ಕ್ಯಾಲೆಂಡರ್ ಅವರ ಎಣಿಕೆಗಳೆಲ್ಲ ಸರಿಯಿದ್ದವೆಂದಲ್ಲ. ಹೊರಬಿದ್ದ ಅನಿಲದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಭಾಗ ಮಾತ್ರ ಗಾಳಿಯಲ್ಲಿ ಉಳಿಯುತ್ತದೆ, ಮಿಕ್ಕದ್ದನ್ನು ಕಡಲು ಮತ್ತು ಕಾಡುಗಳು ಹೀರುತ್ತವೆಂದು ಈಗ ತಿಳಿದಿದೆ. ಮತ್ತೂ ಒಂದು ವಿಷಯ: ಅವರು ಈ ತಾಪವನ್ನು ವಿಪತ್ತೆಂದು ಬಗೆಯಲಿಲ್ಲ. ಹಿಮಯುಗ ಮರಳುವುದನ್ನು ಅದು ಮುಂದೂಡೀತು, ಉತ್ತರದ ಬೇಸಾಯಕ್ಕೆ ಒಳಿತಾದೀತು ಎಂದೇ ನಂಬಿದ್ದರು. ಚಳಿನಾಡಿನವರಿಗೆ ಹಾಗೆ ತೋರಿದ್ದು ಸಹಜವಿರಬಹುದು.

ಎರಡನೆಯ ಮಹಾಯುದ್ಧದಲ್ಲಿ ವಿಧಿ ಅವರನ್ನು ಪೆಟ್ರೋಲಿನ ಬಳಿಗೇ ಕರೆದೊಯ್ಯಿತು. ಇಂಗ್ಲೆಂಡಿನ ದಟ್ಟ ಮಂಜಿನಲ್ಲಿ ಇಳಿಯಲಾರದೆ ಬಾಂಬರ್ ವಿಮಾನಗಳು ನಾಶವಾಗುತ್ತಿದ್ದವು. ಓಡುದಾರಿಯ ಎರಡೂ ಬದಿಗೆ ರಂಧ್ರಗಳಿರುವ ಕೊಳವೆಗಳನ್ನು ಹಾಯಿಸಿ, ಪೆಟ್ರೋಲ್ ಉರಿಸಿ, ಆ ಕಾವಿನಿಂದ ಮಂಜು ಕರಗಿಸುವ ‘ಫಿಡೋ’ ಯೋಜನೆಯಲ್ಲಿ ಅವರು ದುಡಿದರು. ಗಂಟೆಗೆ ಹತ್ತಾರು ಸಾವಿರ ಗ್ಯಾಲನ್ ಪೆಟ್ರೋಲ್ ಬೂದಿಯಿಲ್ಲದೆ ಉರಿದುಹೋಗುತ್ತಿತ್ತು. ಹತ್ತು ಸಾವಿರ ಬ್ರಿಟಿಷ್ ಗ್ಯಾಲನ್ ಎಂದರೆ ನೂರು ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡ್. ಆ ಲೆಕ್ಕ ಅವರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರಿದ್ದರು? ಆದರೆ ಆ ಬೆಂಕಿಯ ಬೆಳಕಿನಲ್ಲಿ ಸುಮಾರು 2,500 ವಿಮಾನಗಳು ಕ್ಷೇಮವಾಗಿ ನೆಲ ಮುಟ್ಟಿದವು.

ಯುದ್ಧಾನಂತರವೂ ಅವರು ಲೆಕ್ಕ ಬಿಡಲಿಲ್ಲ. 1958ರಲ್ಲಿ ವಾಯುಮಂಡಲದ ಇಂಗಾಲದ ಡೈಆಕ್ಸೈಡ್ ಪ್ರಮಾಣದ ಕುರಿತು ಮತ್ತೊಂದು ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರು ನಿರಂತರ ಅಳತೆ ಆರಂಭಿಸಿದರು. ಅಂದು ಹತ್ತು ಲಕ್ಷಕ್ಕೆ 313ರಷ್ಟಿದ್ದ ಪ್ರಮಾಣ 2024ರಲ್ಲಿ 420ನ್ನು ಮೀರಿತ್ತು. ಕ್ಯಾಲೆಂಡರ್ ಅವರು 1964ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಹೋರ್ಷಮ್‌ನಲ್ಲಿ ನಿಧನರಾದರು. 2013ರಲ್ಲಿ ಇಬ್ಬರು ಹವಾಮಾನ ವಿಜ್ಞಾನಿಗಳು ಅವರ 1938ರ ತಾಪಮಾನ ರೇಖೆಯನ್ನು ಆಧುನಿಕ ದಾಖಲೆಯ ಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಬಹುಮಟ್ಟಿಗೆ ಹೊಂದಿಕೊಂಡವು. ಅವರ ಟಿಪ್ಪಣಿ ಪುಸ್ತಕಗಳು ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.